ಕೋರಂ ಆಗುವವರೆಗೆ

ಅಧ್ಯಕ್ಷರ ಬಲಗೈಯ ತೋರುಬೆರಳು ಮೇಲಿನ ಗಿಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಮಲ್ಲಂದೂರಿನ ತವರಿನಲ್ಲಿ ಹುಡುಗಿಯಾಗಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಸಿಕ್ಕಿ ಮುರಿದ ಬೆರಳು, ತನಗೆ ತೋಚಿದ ದಿಕ್ಕಿಗೆ ಕೂಡಿಕೊಂಡಿತ್ತು. ಪಂಚಾಯಿತಿ ಸಭೆಯಲ್ಲಿ ಅವರು ಒಬ್ಬರನ್ನು ತೋರಿಸಿ "ನೀನು ಹೇಳು" ಅಂದರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ಅವರನ್ನು ಚಟ್ಟದ ಮೇಲೆ ಮಲಗಿಸಿದ ದಿನವೂ ಆ ಬೆರಳು ಹೂವಿನ ರಾಶಿಯಿಂದ ಹೊರಗೆ ಇಣುಕಿ ಗುಂಪಿನಲ್ಲಿ ಯಾರನ್ನೋ ತೋರಿಸುತ್ತಿತ್ತು. ನನ್ನನ್ನೇ ಅಂತ ನನಗನ್ನಿಸಿತು. ಪಕ್ಕದಲ್ಲಿದ್ದ ಪಿಡಿಒ ಸಾಹೇಬರಿಗೂ ಹಾಗೇ ಅನ್ನಿಸಿರಬೇಕು, ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು.

ಅವರನ್ನು ಒಯ್ಯಬೇಕಾಗಿದ್ದದ್ದು ನಮ್ಮ ಪಂಚಾಯಿತಿಯ ಸಾರ್ವಜನಿಕ ಸ್ಮಶಾನಕ್ಕೆ. ಅವರೇ ಪಟ್ಟು ಹಿಡಿದು ಮಾಡಿಸಿದ್ದ, ಅಲ್ಲಿಯವರೆಗೆ ಒಬ್ಬರೂ ಹೋಗಿರದ ಜಾಗ. ಆ ದಿನ ಏನೇನು ಕೆಡಬಹುದು ಅನ್ನುವುದು ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು. ಮಳೆ ಹಿಡಿದು ಸೌದೆ ನೆನೆಯಬಹುದು. ಹೊರನಾಡಿಗೆ ಹೋಗುವ ಪ್ರವಾಸಿ ಬಸ್ಸೊಂದು ಕಿರಿದಾದ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ದಾರಿ ಕಟ್ಟಬಹುದು. ಒಂಟಿ ಸಲಗ ಬರಬಹುದು. ತಮಟೆಯ ಸದ್ದಿಗೆ ಹೆಜ್ಜೇನು ಏಳಬಹುದು. ಏರಿನಲ್ಲಿ ಹೊರುವವರಲ್ಲಿ ಒಬ್ಬನ ಕಾಲು ಜಾರಬಹುದು, ಆ ಒಬ್ಬ ನಾನೇ ಆಗಿರಬಹುದು. ಅವರ ಮಗ "ನಮ್ಮ ತೋಟ ಇರೋವಾಗ ಅಲ್ಲಿಗೆ ಎಂತಕ್ಕೆ" ಅನ್ನಬಹುದು. ಮಲ್ಲಂದೂರಿನ ತವರಿನವರು ಅದಕ್ಕೆ ದನಿಗೂಡಿಸಬಹುದು. ಎಸ್ಟೇಟಿನ ಲೈನ್‌ಮನೆಗಳ ಜನ, ಯಾರಿಗಾಗಿ ಅವರು ಆ ಜಾಗ ಮಾಡಿಸಿದರೋ ಆ ಜನ, ಬಾರದೇ ಹೋಗಬಹುದು. ಅವರ ಇಷ್ಟವನ್ನು ಎಲ್ಲರೆದುರು ಹೇಳಬೇಕಾದ ನಾನು, ಬಾಯಿ ತೆರೆದು, ಸೀನಿ, ಸುಮ್ಮನಾಗಬಹುದು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಚಿಕ್ಕದು. ಈಗಲೇ ಹೇಳಿದರೆ ನೀವು "ಇಷ್ಟೇನಾ" ಅನ್ನುತ್ತೀರಿ. ನನ್ನ ಹೆಂಡತಿಯೂ ಹಾಗೇ ಅಂದಳು.

ನಮ್ಮ ಪಂಚಾಯಿತಿ ಮೂಡಿಗೆರೆಗೂ ಕಳಸಕ್ಕೂ ನಡುವಿನ ಒಂದು ಗುಡ್ಡದ ಬೆನ್ನಿನ ಮೇಲೆ ಕುದುರೆಯ ಜೀನಿನ ಹಾಗೆ ಕೂತಿದೆ. ಊರು ಅಂತ ಒಂದು ಕಡೆ ಇಲ್ಲ. ಕಾಫಿ ತೋಟಗಳ ನಡುವೆ ಕೂಗಿದರೆ ಕೇಳದಷ್ಟು ದೂರಕ್ಕೊಂದು ಮನೆ, ದೊಡ್ಡ ಎಸ್ಟೇಟುಗಳ ಒಳಗೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನುಗಳು, ಬಸ್ ಸ್ಟಾಪಿನ ಹತ್ತಿರ ನಾಲ್ಕು ಅಂಗಡಿ. ಮೊದಲು ಪಟೇಲರ ಮನೆಯ ಜಗಲಿಯೇ ಸರ್ಕಾರವಾಗಿತ್ತಂತೆ. ಆಮೇಲೆ ಪಂಚಾಯಿತಿ ಬಂತು, ಗೊಬ್ಬರದ ಗೋಡೌನಿನಲ್ಲಿ ಕೂತಿತು. ನಾನು ಹುಡುಗನಾಗಿದ್ದಾಗ ಜನನ ಪ್ರಮಾಣಪತ್ರಕ್ಕೂ ಯೂರಿಯಾಕ್ಕೂ ಒಂದೇ ವಾಸನೆ. ಸ್ವಂತ ಕಟ್ಟಡ ಕಟ್ಟುವ ಕಾಲ ಬಂದಾಗ ಗುಡ್ಡದ ಈಚೆಯವರು ಈಚೆಗೆ ಬೇಕೆಂದರು, ಆಚೆಯವರು ಆಚೆಗೆ. ವರ್ಷಗಟ್ಟಲೆ ಜಗಳವಾಡಿ, ಕೊನೆಗೆ ಎಲ್ಲರಿಗೂ ಸಮನಾಗಿ ತೊಂದರೆಯಾಗಲಿ ಅಂತ ಗುಡ್ಡದ ನೆತ್ತಿಯ ಮೇಲೆ ಕಟ್ಟಿದರು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಗಾಳಿ ಮಾತ್ರ ಇದೆ.

ಅಧ್ಯಕ್ಷರಿಗೆ ಆ ಕಟ್ಟಡದ ಮೇಲೆ ವಿಪರೀತ ಅಭಿಮಾನ. ಮುಂದಿನ ಮಾಡಿನ ಮೇಲೆ ಬಿದ್ದ ಮಳೆ ಹೇಮಾವತಿಗೆ ಹೋಗುತ್ತದೆ, ಹಿಂದಿನ ಮಾಡಿನದು ಭದ್ರೆಗೆ ಅಂತ ಬಂದ ಅಧಿಕಾರಿಗಳಿಗೆಲ್ಲ ಹೇಳುತ್ತಿದ್ದರು. ಅದು ನಿಜವೋ ಸುಳ್ಳೋ ಯಾರೂ ಹಳ್ಳದ ಜೊತೆ ನಡೆದು ನೋಡಿರಲಿಲ್ಲ. ಹಿಂದಿನ ಮಾಡಿನ ದಂಬೆಯ ನೀರು ಮುಂದಕ್ಕೇ ಹರಿದು ಬರುವುದನ್ನು ನಾನೇ ಕಂಡಿದ್ದೇನೆ. ಹಾಗಂತ ಹೇಳಿದರೆ ಒಪ್ಪುತ್ತಿರಲಿಲ್ಲ. "ಎರಡು ನದಿಗೆ ನೀರು ಕೊಡೋ ಪಂಚಾಯ್ತಿ ಸಾರ್ ನಮ್ದು. ಬೇಸಿಗೇಲಿ ನಮ್ ನಲ್ಲೀಲಿ ಮಾತ್ರ ಬರಲ್ಲ" ಅಂತ ಅವರು ಅಂದಾಗ ಅಧಿಕಾರಿಗಳು ನಗುತ್ತಿದ್ದರು. ನಕ್ಕವರಿಗೆ ಪೈಪಿನ ಅರ್ಜಿ ಕೊಡುತ್ತಿದ್ದರು.

ಅವರ ಮನೆಯವರದು ಸಣ್ಣ ಹಿಡುವಳಿ, ಜೊತೆಗೆ ಬಸ್ ಸ್ಟಾಪಿನಲ್ಲಿ ಒಂದು ಹೋಟೆಲು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಹೆಸರು ಅವರದು, ಕೆಲಸ ಗಂಡನದು ಅಂತಲೇ ಎಲ್ಲರ ಲೆಕ್ಕ. ಮೊದಲ ಸಭೆಗೆ ಗಂಡನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಅಧ್ಯಕ್ಷರು ಅವರ ಕಡೆ ತಿರುಗಿ, ಬಹಳ ಮೆತ್ತಗೆ, "ನೀವು ಹೊರಗೆ ಕೂತ್ಕೊಳ್ಳಿ. ಮಳೆ ಬಂದ್ರೆ ಕರೀತೀನಿ" ಅಂದರು. ಅಷ್ಟೇ. ಅವಧಿ ಮುಗಿಯುವವರೆಗೆ ಆ ಮನುಷ್ಯ ವರಾಂಡದ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತರು. ಮಳೆ ಬಂದರೆ ಇವರು ಮಾತು ನಿಲ್ಲಿಸಿ ಕರೆಯುತ್ತಿದ್ದರು. ಅವರು ಒಳಗೆ ಬಂದು, ಮಳೆ ನಿಂತ ಮೇಲೆ ಹೊರಗೆ ಹೋಗುತ್ತಿದ್ದರು. ನಮ್ಮ ಕಡೆ ಮಳೆ ಹೆಚ್ಚಾದ್ದರಿಂದ ಆಡಳಿತದ ಅರ್ಧ ವಿಷಯ ಅವರಿಗೂ ತಿಳಿದಿತ್ತು.

ನಾನು ಮೆಂಬರ್ ಆದದ್ದು ಅವರ ಬೆರಳಿನಿಂದ. ನಮ್ಮ ವಾರ್ಡಿಗೆ ಯಾರನ್ನು ನಿಲ್ಲಿಸುವುದೆಂದು ಸೇರಿದ್ದಾಗ ಅವರು ತೋರಿಸಿದ್ದು ನನ್ನ ಪಕ್ಕದ ತೋಟದವನನ್ನು. ಎದ್ದು ನಿಂತವನು ನಾನು. ಕೂರುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿಯಾಗಿತ್ತು. ಅವಿರೋಧ ಆಯ್ಕೆ. ಪಕ್ಕದ ತೋಟದವನ ಸ್ಥಾನ ಕಸಿದೆನೆಂದು ನನಗೆ ಈಗಲೂ ಕಸಿವಿಸಿ. ತಪ್ಪು ಮಾಡಿದ ಭಾವ ನನಗೆ ಸದಾ ತಯಾರಿರುತ್ತದೆ, ತಪ್ಪು ಆಮೇಲೆ ಬಂದರೂ ಆಗುತ್ತದೆ. ಪೊಲೀಸ್ ಜೀಪು ಹಿಂದಿನಿಂದ ಬಂದರೆ ಕೇಳುವ ಮೊದಲೇ ನಾನು ಗಾಡಿ ನಿಲ್ಲಿಸುವವನು.

ಈ ಸ್ವಭಾವವನ್ನು ಮನೆಯವರು ರೋಗ ಅನ್ನುತ್ತಾರೆ. ಅಧ್ಯಕ್ಷರು ಮಾತ್ರ ಅದಕ್ಕೆ ಕೆಲಸ ಕೊಟ್ಟರು. ಯಾವ ಸಭೆಯಿರಲಿ, ಹಿಂದಿನ ದಿನ ಹೋಟೆಲಿನ ಒಳಕೋಣೆಗೆ ನನ್ನನ್ನು ಕರೆಸುತ್ತಿದ್ದರು. ಮುಂದೆ ಒಂದು ಲೋಟ ಕಾಫಿ ಇಟ್ಟು, ಅವರು ಈರುಳ್ಳಿ ಹೆಚ್ಚುತ್ತಾ ಕೂರುತ್ತಿದ್ದರು.

"ಬಾ ಮಾರಾಯ. ನಾಳೆ ಏನೇನು ಕೆಡಬಹುದು, ಒಂದ್ಸಲ ಹೇಳು."

ನಾನು ಹೇಳುತ್ತಿದ್ದೆ. ಕರೆಂಟ್ ಹೋಗಬಹುದು, ಮೈಕು ಕೈಕೊಡಬಹುದು, ಗುಡ್ಡದಾಚೆಯ ಮೆಂಬರುಗಳು ಬಾರದೆ ಕೋರಂ ಆಗದಿರಬಹುದು, ಬಂದವರು ಜಗಳವಾಡಬಹುದು, ಜಗಳವಾಡದೆ ಎಲ್ಲರೂ ಒಪ್ಪಿಬಿಡಬಹುದು, ಆಗ ಏನೋ ಮೋಸವಿದೆ ಅಂತ ಯಾರಾದರೂ ಅರ್ಜಿ ಹಾಕಬಹುದು. ಅವರು ಈರುಳ್ಳಿಯ ಮೇಲಿನ ಕಣ್ಣು ಎತ್ತದೆ ಮೂರು ಪಾಲು ಮಾಡುತ್ತಿದ್ದರು: "ಇದು ಆಗಬಹುದು, ನೋಡಾಣ. ಇದು ಆಗಲ್ಲ. ಇದು ನಿನ್ನ ಗ್ಯಾಸ್ಟ್ರಿಕ್ಕು." ಮರುದಿನ ನೋಡಿದರೆ ಮೊದಲ ಪಾಲಿನದಕ್ಕೆಲ್ಲ ಏನಾದರೊಂದು ವ್ಯವಸ್ಥೆ ಆಗಿರುತ್ತಿತ್ತು. ಕೋರಂ ಇಲ್ಲದೆ ಅವರು ಒಂದು ಸಭೆಯನ್ನೂ ಶುರು ಮಾಡಲಿಲ್ಲ. ಮಧ್ಯಾಹ್ನವಾದರೂ ಸರಿ, ಹೊಟ್ಟೆ ಹಸಿದರೂ ಸರಿ, ಕೊನೆಯ ಮೆಂಬರಿನ ಬೈಕಿನ ಸದ್ದು ಗುಡ್ಡ ಹತ್ತುವವರೆಗೆ ಕಾಯುವುದೇ.

ಕಾಯುವಾಗ ಅವರಿಗೊಂದು ಅಭ್ಯಾಸವಿತ್ತು. ಬ್ಯಾಗಿನಲ್ಲಿ ಸದಾ ಕೊಬ್ಬರಿ ಎಣ್ಣೆಯ ಒಂದು ಪುಟ್ಟ ಬಾಟಲಿ. ತಲೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ. ಆ ಸೊಟ್ಟ ಬೆರಳಿನ ತುದಿಗೆ ಒಂದು ತೊಟ್ಟು ತಗೊಂಡು ಬಾಗಿಲ ಕೀಲಿಗೆ, ಕಿಟಕಿಯ ಕೊಂಡಿಗೆ, ಬೀರುವಿನ ಹಿಡಿಗೆ, ಮೈಕಿನ ಸ್ಟ್ಯಾಂಡಿಗೆ ಸವರುತ್ತಾ ಸುತ್ತುವರು. ನೇರವಾದ ಬೆರಳು ಹೋಗದ ಸಂದಿಗೂ ಅದು ಹೋಗುತ್ತಿತ್ತು. ಇನ್ನೂ ಸದ್ದು ಮಾಡದ ಬಾಗಿಲಿಗೆ ಎಣ್ಣೆ ಯಾಕೆಂದು ಒಮ್ಮೆ ಕೇಳಿದೆ. "ಕಿರುಗುಟ್ಟೋಕೆ ಮುಂಚೆ ಬಿಡ್ಬೇಕು ಮಾರಾಯ. ಆಮೇಲೆ ಬಿಟ್ರೆ ಎಣ್ಣೆ ದಂಡ" ಅಂದರು. ನಮ್ಮ ಕಚೇರಿಯ ಕಾಗದಗಳಿಗೆಲ್ಲ ಕೊಬ್ಬರಿ ಎಣ್ಣೆಯ ಕಲೆ. ಜಿಲ್ಲಾ ಪಂಚಾಯಿತಿಯಲ್ಲಿ ಕಡತ ಮೂಸಿಯೇ ಯಾವ ಪಂಚಾಯಿತಿಯದೆಂದು ಹೇಳುತ್ತಿದ್ದರಂತೆ.

ಸ್ಮಶಾನದ ವಿಷಯ ಶುರುವಾದದ್ದು ಅವರ ಹೋಟೆಲಿನ ಎದುರಿಗೇ. ನಮ್ಮಲ್ಲಿ ಜಮೀನಿರುವವರು ತಮ್ಮವರನ್ನು ತಮ್ಮ ತೋಟದ ಮೂಲೆಯಲ್ಲೇ ಸುಡುತ್ತಾರೆ ಅಥವಾ ಹೂಳುತ್ತಾರೆ. ಲೈನಿನ ಜನಕ್ಕೆ ಎಸ್ಟೇಟಿನವರು ಹಳ್ಳದ ದಡದಲ್ಲೋ ಬೀಳುಬಿದ್ದ ಗುಡ್ಡದ ಏಣಿನಲ್ಲೋ ಬಿಡುತ್ತಿದ್ದ ಜಾಗವೇ ಗತಿ. ಒಂದು ಎಸ್ಟೇಟು ಕೈ ಬದಲಾಯಿತು. ಹೊಸ ಮಾಲೀಕರು ಆ ಏಣಿನಲ್ಲಿ ಪ್ರವಾಸಿಗರಿಗೆ ಕಾಟೇಜು ಕಟ್ಟುವವರಿದ್ದರು, ಅಲ್ಲಿ ಇನ್ನು ಬೇಡ ಅಂದುಬಿಟ್ಟರು. ಹಾಗೆಂದ ದಿನ ಒಂದು ಸಾವಾಗಿತ್ತು. ಲೈನಿನವರು ಹೆಣವನ್ನು ಹೊತ್ತುಕೊಂಡು ರಸ್ತೆಗೆ ಬಂದವರು, ಮುಂದೆ ಎಲ್ಲಿಗೆ ಅಂತ ತಿಳಿಯದೆ ಬಸ್ ಸ್ಟಾಪಿನಲ್ಲಿ ಇಳಿಸಿ ನಿಂತರು. ಕಳಸದ ಬಸ್ಸು ಬಂತು, ಹತ್ತುವವರು ಹತ್ತಿದರು, ಹೋಯಿತು. ಅಧ್ಯಕ್ಷರು ಒಲೆ ಆರಿಸಿ, ಹೋಟೆಲಿನ ಬಾಗಿಲು ಹಾಕಿ, ಅವರ ಜೊತೆ ಹೋಗಿ ನಿಂತುಕೊಂಡರು. ಕೊನೆಗೆ ಬಾಡಿಗೆ ಪಿಕಪ್ ಹಿಡಿದು ಎಲ್ಲಿಗೋ ಒಯ್ದರು. ಆ ಸಂಜೆ ನನ್ನನ್ನು ಕರೆಸಿ, ಅಷ್ಟು ಹೊತ್ತು ಏನೂ ಮಾಡದೆ ಬರೀ ನಿಂತಿದ್ದೆನಲ್ಲ ಅಂತ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ನಾನು ಆ ಬಸ್ಸು ಹತ್ತಿ ಹೋದವರಲ್ಲಿ ಒಬ್ಬ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ.

ಗುಡ್ಡದ ಮಗ್ಗುಲಲ್ಲಿ ಒಂದಿಷ್ಟು ಸರ್ಕಾರಿ ಬೀಳು ಇತ್ತು. ಅದನ್ನು ಸ್ಮಶಾನಕ್ಕೆ ಬಿಡಿಸಬೇಕಾದರೆ ಗ್ರಾಮಸಭೆ ಒಪ್ಪಬೇಕು. ಸುತ್ತಲಿನ ತೋಟದವರಿಗೆ ಸುತರಾಂ ಇಷ್ಟವಿರಲಿಲ್ಲ. ನನ್ನ ಪಕ್ಕದ ತೋಟದವನು ವಿರೋಧಕ್ಕೆ ಮುಂದಾಳು, ಭಾಷಣ ಬಾಯಿಪಾಠ ಮಾಡಿಕೊಂಡಿದ್ದ. ಹಿಂದಿನ ದಿನ ಎಂದಿನಂತೆ ಈರುಳ್ಳಿಯ ಎದುರು ನಾನು ನನ್ನ ಭಯಗಳನ್ನು ಒಪ್ಪಿಸುತ್ತಾ, ಬಿಸಿಲಿನ ಕಾವು ನೋಡಿದರೆ ನಾಳೆ ಮಧ್ಯಾಹ್ನದ ಮೇಲೆ ಹೂಮಳೆ ಬರಬಹುದು, ಬಂದರೆ ತೋಟದವರೆಲ್ಲ ಎದ್ದು ಓಡುತ್ತಾರೆ, ಸಭೆ ಹಾಳಾಗುತ್ತದೆ ಅಂದೆ. ಬೇಸಿಗೆಯ ಆ ಮೊದಲ ಮಳೆ ನಮಗೆ ವರ್ಷದ ಬೆಳೆ. ಅದು ಬಿದ್ದರೆ ಕಾಫಿ ಹೂವಾಗುತ್ತದೆ, ಅರ್ಧಂಬರ್ಧ ಬಿದ್ದರೆ ಮೊಗ್ಗು ಸುಟ್ಟುಹೋಗುತ್ತದೆ. ಆ ಮಳೆ ಶುರುವಾದರೆ ಮದುವೆಯ ಊಟದ ಎಲೆಯಿಂದಲೂ ನಮ್ಮವರು ಎದ್ದು ಹೋಗುತ್ತಾರೆ. ತಮ್ಮ ತೋಟದ ಮಳೆಮಾಪಕದಲ್ಲಿ ಎಷ್ಟು ಸೆಂಟು ಬಿತ್ತೆಂದು ಕಣ್ಣಾರೆ ನೋಡದೆ ಇನ್ನೊಂದು ಕೆಲಸ ನಡೆಯದು. ಅಧ್ಯಕ್ಷರ ಚಾಕು ಒಂದು ಕ್ಷಣ ನಿಂತಿತು. ಇದನ್ನು ಯಾವ ಪಾಲಿಗೆ ಹಾಕಿದರೆಂದು ಹೇಳಲಿಲ್ಲ.

ಮರುದಿನ ಅವರು ಸ್ಮಶಾನದ ವಿಷಯವನ್ನು ಕೊನೆಗೆ ತಳ್ಳಿದರು. ಬೀದಿದೀಪದ ಚರ್ಚೆಯನ್ನು ಎಂದೂ ಇಲ್ಲದ ಸಹನೆಯಿಂದ ನಡೆಸಿದರು. ಯಾರು ಏನೇ ಕೇಳಿದರೂ "ಹೌದಾ, ಇನ್ನೊಂದು ಸಲ ಹೇಳಿ" ಅನ್ನುತ್ತಿದ್ದರು. ಆಕಾಶ ಕಪ್ಪಾಯಿತು. ಮೊದಲ ಹನಿ ತಗಡಿನ ಮೇಲೆ ಟಪ್ ಅಂದ ಕೂಡಲೇ, "ಮುಂದಿನ ವಿಷಯ, ಸ್ಮಶಾನದ ಜಾಗ" ಅಂದರು. ಆಗಲೇ ಅರ್ಧ ಜನ ಎದ್ದಿದ್ದರು.

"ಎಲ್ಲಿಗೆ? ಬಂದ ಮಳೆ ಬಂದಾಯ್ತು. ನೀವು ಹೋಗಿ ನೋಡಿದ್ರೆ ಹತ್ತು ಸೆಂಟು ಜಾಸ್ತಿ ಬೀಳಲ್ಲ. ಬೇಡ ಅನ್ನೋರು ಕೂತು ಮಾತಾಡಿ, ಎಷ್ಟು ಹೊತ್ತಾದ್ರೂ ಕೇಳ್ತೀನಿ. ಬೇಕು ಅನ್ನೋರು ಕೈ ಎತ್ತಿ ಹೊರಡಿ."

ಕೈಗಳು ಎದ್ದವು. ಕೆಲವರು ಎರಡೂ ಕೈ ಎತ್ತಿದರು. ನನ್ನ ಪಕ್ಕದ ತೋಟದವನು ಬಾಗಿಲನ್ನೊಮ್ಮೆ ನೋಡಿದ, ಅಧ್ಯಕ್ಷರನ್ನೊಮ್ಮೆ ನೋಡಿದ, ಬಾಯಿಪಾಠವನ್ನು ನುಂಗಿ ಕೈ ಎತ್ತಿ ಓಡಿದ. ಕೂತೇ ಉಳಿದವರು ಲೈನಿನ ಜನ ಮಾತ್ರ. ಅವರಿಗೆ ಅಳೆಯಲು ಮಳೆಮಾಪಕವಿರಲಿಲ್ಲ. ಅಧ್ಯಕ್ಷರು ವರಾಂಡದ ಕಡೆ ತಿರುಗಿ ಗಂಡನನ್ನು ಒಳಗೆ ಕರೆದರು. ಆ ಸಲ ನಮ್ಮ ತೋಟಗಳಲ್ಲಿ ಚೆನ್ನಾಗಿಯೇ ಹೂವಾಯಿತು. ಪಕ್ಕದ ತೋಟದವನು ಆಮೇಲೆ ನನ್ನನ್ನು ನಿಲ್ಲಿಸಿ, ಮಳೆ ಬರುವುದು ಅವರಿಗೆ ಮೊದಲೇ ಹೇಗೆ ಗೊತ್ತಿತ್ತು ಮಾರಾಯ ಅಂತ ಕೇಳಿದ. ಹೆಂಗಸರಿಗೆ ಇಂಥದ್ದೆಲ್ಲ ತಿಳಿಯುತ್ತದೆ ಅಂದುಬಿಟ್ಟೆ. ಅದನ್ನು ನೆನೆದರೆ ಅವನ ಎದುರು ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ಜಾಗ ಮಂಜೂರಾಯಿತು. ಮೂರು ಬದಿಗೆ ತಂತಿ ಬೇಲಿ ಬಂತು. ಮೇಲ್ಬದಿಗೆ ಬರುವಷ್ಟರಲ್ಲಿ ಅನುದಾನ ಮುಗಿದು ಅಲ್ಲಿ ಅಗಳು ತೋಡಿ ಬಿಟ್ಟರು. ಕೆಳಗೆ ರಸ್ತೆಯ ಕಡೆ ಎರಡು ಬಾಗಿಲಿನ ಕಬ್ಬಿಣದ ಗೇಟು. ಗೇಟಿಗೆ ಬೀಗ ಬೇಕೆಂದವನು ನಾನು. ಹೋಂಸ್ಟೇಗೆ ಬಂದವರು ಬಾಟಲಿ ಹಿಡಿದು ಒಳಗೆ ಕೂರಬಹುದು, ದನ ನುಗ್ಗಬಹುದು, ಗೇಟನ್ನೇ ಕದಿಯಬಹುದು. ಮೇಲ್ಬದಿ ಬಯಲಾಗಿದ್ದಾಗ ಬೀಗದಿಂದ ಏನು ಪ್ರಯೋಜನ ಅನ್ನುವುದು ನನ್ನ ಭಯಕ್ಕೆ ಹೊಳೆಯಲಿಲ್ಲ.

"ಬೀಗ ಬೇಡ ಮಾರಾಯ. ಕೀ ಯಾರ ಹತ್ರ ಇರ್ಬೇಕು ಅಂತ ಒಂದು ಸಭೆ, ಕೀ ಎಲ್ಲಿ ಹೋಯ್ತು ಅಂತ ಇನ್ನೊಂದು ಸಭೆ" ಅಂದರು. ನಾನು ಬಿಡಲಿಲ್ಲ. ಜೀವನದಲ್ಲಿ ಅವರ ಮುಂದೆ ನಾನು ಗೆದ್ದದ್ದು ಅದೊಂದೇ ವಾದ. ಬೀಗ ಬಂತು, ದಪ್ಪನೆಯದು. ಒಂದು ಕೀ ಕಚೇರಿಗೆ, ಇನ್ನೊಂದು ನನಗೆ.

ಆಮೇಲೆ ಯಾರೂ ಬರಲಿಲ್ಲ. ಜಮೀನಿರುವವರು ಬರುವುದಿಲ್ಲವೆಂದು ಗೊತ್ತೇ ಇತ್ತು. ಲೈನಿನವರೂ ಬರಲಿಲ್ಲ. ಸಾವಾದರೆ ಪಿಕಪ್ ಮಾಡಿಕೊಂಡು ಬಯಲುಸೀಮೆಯ ಹಳೆಯ ಊರಿಗೆ ಒಯ್ಯುವರು, ಇಲ್ಲವೇ ಹಳ್ಳದ ಪಕ್ಕದಲ್ಲಿ ಯಾರಿಗೂ ಹೇಳದೆ ಮುಗಿಸುವರು. ಹೊಸ ಜಾಗಕ್ಕೆ ಮೊದಲು ಹೋದವರ ಹಿಂದೆಯೇ ಆ ಮನೆಯಿಂದ ಇನ್ನೊಬ್ಬರು ಹೋಗುತ್ತಾರೆಂಬ ಮಾತು ಹಬ್ಬಿತ್ತು. ಅಧ್ಯಕ್ಷರು ನನ್ನನ್ನು ಕರೆದುಕೊಂಡು ಲೈನಿಗೆ ಹೋದರು. ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ, ಒಂದು ಗ್ರಾಮಸಭೆಯನ್ನೂ ತಪ್ಪಿಸದವಳು, ಜಗಲಿಯಲ್ಲಿ ಕೂತಿದ್ದಳು. ಇವರು ಅದೆಲ್ಲ ಮೂಢನಂಬಿಕೆ, ಮಲ್ಲಂದೂರಿನ ಕಡೆ ಹಾಗೆಲ್ಲ ಇಲ್ಲ ಅಂತ ದೊಡ್ಡ ದನಿಯಲ್ಲಿ ಶುರುಮಾಡಿದರು. ಅಜ್ಜಿ ಪೂರ್ತಿ ಕೇಳಿದಳು.

"ಅದಲ್ಲ ಅಮ್ಮಾವ್ರೆ. ನಿಮ್ಮೋರು ಒಬ್ರೂ ಬರಕ್ಕೆ ಒಪ್ದೇ ಇರೋ ಜಾಗಕ್ಕೆ ನಮ್ಮೋರ್ನ ಯಾಕೆ ಕಳಿಸ್ತೀರಿ?"

ಅಧ್ಯಕ್ಷರು ಅಲ್ಲಿಂದ ಹೊರಟರು. ವಾಪಸು ಬರುವಾಗ ಗೇಟಿನ ಮುಂದೆ ನಿಂತು ಆ ಖಾಲಿ ಜಾಗವನ್ನು ನೋಡಿದರು. "ಹಂಗಾದ್ರೆ ನಾನೇ ಹೋಗ್ಬೇಕು" ಅಂದರು. ನಾನು ಅಯ್ಯೋ ಬಿಡ್ತು ಅನ್ನಿ ಅಂತೆಲ್ಲ ಗಡಬಡಿಸಿದೆ. "ಈಗ್ಲೇ ಅಲ್ಲ ಮಾರಾಯ. ಬರೋವಾಗ ಬರ್ತೀನಿ. ನೀನು ಅವತ್ತಿಗೆ ಏನೇನು ಕೆಡಬಹುದು ಅಂತ ಯೋಚ್ನೆ ಮಾಡಿಟ್ಟಿರು."

ಇಂಥ ಕೆಲಸವನ್ನು ನನ್ನಂಥವನಿಗೆ ಹೇಳಬಾರದು. ಅವರ ಅವಧಿ ಮುಗಿಯಿತು, ಬೇರೆಯವರು ಬಂದರು. ಜನ ಇವರನ್ನೇ ಅಧ್ಯಕ್ಷರು ಅನ್ನುತ್ತಿದ್ದರು, ಅವರನ್ನು ಈಗಿನ ಅಧ್ಯಕ್ಷರು ಅನ್ನುತ್ತಿದ್ದರು. ನಾನು ಮಾತ್ರ ಹೇಳಿದ ಕೆಲಸ ಮಾಡುತ್ತಲೇ ಇದ್ದೆ. ಅವರು ಗಟ್ಟಿಮುಟ್ಟಾಗಿ ದೋಸೆ ಮಗುಚುತ್ತಿದ್ದರೆ, ನಾನು ಎದುರಿಗೆ ಕೂತು ಅವರದೇ ಕಾಫಿ ಕುಡಿಯುತ್ತಾ, ಆ ಏರಿನಲ್ಲಿ ಇವರನ್ನು ಹೊರಲು ಎಷ್ಟು ಜನ ಬೇಕಾದೀತು ಅಂತ ಅಂದಾಜು ಹಾಕುತ್ತಿದ್ದೆ. ಅವರು ಸ್ವಲ್ಪ ದಪ್ಪಗಾದರೆ ನನ್ನ ಲೆಕ್ಕದಲ್ಲಿ ಇಬ್ಬರು ಹೆಚ್ಚಾಗುತ್ತಿದ್ದರು. ದೋಸೆಯ ಮೇಲೆ ಅವರು ಇನ್ನಷ್ಟು ಬೆಣ್ಣೆ ಹಾಕಿದರೆ ತಟ್ಟೆಯ ಅಂಚಿಗೆ ಸರಿಸುತ್ತಿದ್ದೆ. ಬದುಕಿರುವವರ ಎದುರು ಕೂತು ಅವರ ಚಟ್ಟ ಕಟ್ಟುವವನಿಗೆ ಯಾವ ಬೆಣ್ಣೆ ರುಚಿಸೀತು.

ಕಾಯಿಲೆ ಬಂದದ್ದು ಒಂದು ಮಳೆಗಾಲದಲ್ಲಿ. ಮಂಗಳೂರಿಗೆ ಹೋಗಿ ಬಂದರು, ಮತ್ತೆ ಹೋದರು, ಕೊನೆಗೆ ಸಾಕು ಅಂತ ಮನೆಗೆ ಬಂದು ಮಲಗಿದರು. ನೋಡಲು ಹೋದಾಗ ಎಷ್ಟು ಇಳಿದುಹೋಗಿದ್ದರೆಂದರೆ ನನ್ನ ಲೆಕ್ಕವೆಲ್ಲ ತಪ್ಪಾಗಿತ್ತು. ಅದಕ್ಕೆ ನಾನೇ ಕಾರಣ ಅನ್ನಿಸಿತು. ಗಂಡ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ರೆಡಿನಾ?" ಅಂದರು ಅಧ್ಯಕ್ಷರು. ಯಾವುದು ಅಂತ ನಾನು ಕೇಳಲಿಲ್ಲ. "ಹೇಳು, ಏನೇನು ಕೆಡಬಹುದು."

ನಾನು ಹೇಳಲಾರೆನೆಂದೆ. ಆ ಬೆರಳು ಎದ್ದಿತು, ಕಿಟಕಿಯನ್ನು ತೋರಿಸಿತು, ಅಂದರೆ ನನ್ನನ್ನು. ಹೇಳಿದೆ. ಮಳೆ, ಸೌದೆ, ಬಸ್ಸು, ಜೇನು, ಮಗ, ತವರಿನವರು. ಅವರು ಕಣ್ಣು ಮುಚ್ಚಿಕೊಂಡೇ ಮೂರು ಪಾಲು ಮಾಡಿದರು. ಆನೆಯ ಮಾತು ಬಂದಾಗ ಕಣ್ಣು ತೆರೆದರು.

"ಆನೆ ಬಂದ್ರೆ ಇಳಿಸಿ ಓಡಿ ಮಾರಾಯ. ನಂಗೇನು ಅವಸರ ಇಲ್ಲ."

ಹೊರಗಿನ ಕುರ್ಚಿಯಿಂದ ಸಣ್ಣಗೆ ನಗುವಿನಂಥ ಒಂದು ಸದ್ದು ಬಂತು. ಮಗನಿಗೆ ಮೊದಲೇ ಹೇಳಿಬಿಡಿ ಅಂತ ನಾನು ಬೇಡಿಕೊಂಡೆ. ಅವನಿಗೆ ಸಂಕಟವಾಗುತ್ತದೆ, ಆಗ ನೀನೇ ಹೇಳು ಅಂದರು. ಬ್ಯಾಗಿನಿಂದ ಎಣ್ಣೆ ಬಾಟಲಿ ತೆಗೆಸಿ, ಮಂಚದ ಪಕ್ಕದ ಬೀರು ಸದ್ದು ಮಾಡುತ್ತದೆ, ಒಂದು ತೊಟ್ಟು ಬಿಡು ಅಂದರು. ಬಿಟ್ಟೆ. ನನ್ನ ನೇರ ಬೆರಳಿನಿಂದ ಅರ್ಧ ಎಣ್ಣೆ ನೆಲಕ್ಕೇ ಹೋಯಿತು.

ಮಳೆಗಾಲ ಮುಗಿದು, ಏಲಕ್ಕಿ ಕೊಯ್ಲು ನಡೆಯುತ್ತಿದ್ದಾಗ ಹೋದರು. ಬಿಸಿಲಿನ ದಿನ. ನನ್ನ ಭಯಗಳು ಬೆಳಗಿನಿಂದ ಒಂದೊಂದಾಗಿ ಉದುರತೊಡಗಿದವು. ಸೌದೆ ಒಣಗಿತ್ತು. ಮೇಲಿನ ತೋಟದ ಹುಡುಗರು ಅಗಳು ದಾಟಿಸಿ ಒಳಗೆ ಸಿಲ್ವರ್ ಮರದ ಸೌದೆ ಜೋಡಿಸಿಟ್ಟರು. ಆ ತೋಟ ಭಾಷಣ ನುಂಗಿದವನದೇ. ಬಸ್ಸುಗಳು ತಾವಾಗಿ ಬದಿಗೆ ನಿಂತವು. ಮಗ ಬಾಯಿ ತೆರೆದು ತೋಟದ ಮಾತೆತ್ತುವಷ್ಟರಲ್ಲಿ, ನಾನು ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ, ಹೊರಗಿನ ಬೆಂಚಿನಿಂದ ಅಧ್ಯಕ್ಷರ ಗಂಡ ಎದ್ದು ಬಂದರು. ಅಂಗಿಗೆ ಇಸ್ತ್ರಿ ಮಾಡಿತ್ತು.

"ಅವಳು ಹೇಳಿ ಆಗಿದೆ. ಆ ಜಾಗಕ್ಕೇ. ಎತ್ತಿ" ಅಂದರು.

ಮಗ ಅಪ್ಪನ ಮುಖ ನೋಡಿ ಹೆಗಲು ಕೊಟ್ಟ. ತವರಿನವರು ತಲೆಯಾಡಿಸಿದರು. ದಾರಿಯಲ್ಲಿ ಲೈನಿನ ತಿರುವಿಗೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ರಸ್ತೆಯ ಎರಡೂ ಬದಿಗೆ ನಿಂತಿದ್ದರು, ಕೊಯ್ಲಿನ ಚೀಲ ಸೊಂಟದಲ್ಲೇ ಇತ್ತು. ಅಜ್ಜಿ ಕೋಲೂರಿಕೊಂಡು ಬಂದು ಜೊತೆಗೆ ಸೇರಿದಳು. ಏರಿನಲ್ಲಿ ಯಾರೂ ಜಾರಲಿಲ್ಲ, ನಾನೂ ಜಾರಲಿಲ್ಲ. ಗೇಟಿನ ಮುಂದೆ ಬಂದು ನಿಂತಾಗ, ಜನ್ಮದಲ್ಲಿ ಮೊದಲ ಸಲ, ಕೆಡಲು ಇನ್ನೇನೂ ಉಳಿದಿಲ್ಲ ಅನ್ನಿಸಿತು.

ನನ್ನ ಹತ್ತಿರ ಎರಡೂ ಕೀ ಇದ್ದವು. ಒಂದು ಕಳೆದರೆ ಇರಲಿ ಅಂತ ಕಚೇರಿಯದನ್ನೂ ಇಸಿದುಕೊಂಡು, ಎರಡು ಜೇಬಿನಲ್ಲಿ ಬೇರೆ ಬೇರೆ ಇಟ್ಟುಕೊಂಡಿದ್ದೆ. ಬಲಜೇಬಿನದು ಬೀಗದೊಳಗೆ ಹೋಯಿತು, ತಿರುಗಲಿಲ್ಲ. ಎಡಜೇಬಿನದೂ ತಿರುಗಲಿಲ್ಲ. ಹಾಕಿದಂದಿನಿಂದ ಒಮ್ಮೆಯೂ ತೆರೆಯದ ಬೀಗ, ನಮ್ಮ ಮಳೆಗಾಲಗಳನ್ನು ಕುಡಿದು ಒಂದೇ ತುಂಡಾಗಿತ್ತು. ಚಿತೆಗೆಂದು ತಂದಿದ್ದ ತುಪ್ಪ ಸುರಿದರು, ಯಾರೋ ಕಲ್ಲಿನಿಂದ ಕುಟ್ಟಿದರು. ಚಟ್ಟ ಹೊತ್ತು ಮೇಲಿನ ಅಗಳು ದಾಟುವ ಹಾಗಿರಲಿಲ್ಲ. ಅಧ್ಯಕ್ಷರನ್ನು ಕೆಳಗಿಳಿಸಬೇಕಾಯಿತು, ರಸ್ತೆ ಬದಿಯಲ್ಲಿ, ಬಸ್ ಸ್ಟಾಪಿನಲ್ಲಿ ಅಂದು ಆ ಹೆಣವನ್ನು ಇಳಿಸಿದ ಹಾಗೇ. ಹಾರೆ ತರಲು ಒಬ್ಬ ಓಡಿದ. ಉಳಿದವರೆಲ್ಲ, ತೋಟದವರು, ಲೈನಿನವರು, ತವರಿನವರು, ಸಿಕ್ಕ ಸಿಕ್ಕಲ್ಲಿ ಕೂತರು. ನನಗೆ ಮಾತ್ರ ಕೂರಲಾಗಲಿಲ್ಲ. ಕೀ ತಿರುವುತ್ತಲೇ ಇದ್ದೆ, ಬೆರಳು ಸುಲಿದುಹೋಯಿತು. ಹಿಂದೆ ಯಾರೂ ಬೈಯುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು.

ಅಜ್ಜಿ ಚಟ್ಟದ ಪಕ್ಕದಲ್ಲಿ ಕೂತು ಜನರನ್ನೊಮ್ಮೆ ನೋಡಿದಳು. "ಕೋರಂ ಆಗ್ಲಿ ಅಂತ ಅಮ್ಮಾವ್ರು ಕಾಯ್ತಾವ್ರೆ ಬಿಡಿ" ಅಂದಳು.

ಮೊದಲು ನಕ್ಕವರು ಅಧ್ಯಕ್ಷರ ಗಂಡ. ಆಮೇಲೆ ಎಲ್ಲರೂ. ನಗುತ್ತಲೇ ಗಂಡ ಎದ್ದು ಗೇಟಿನ ಹತ್ತಿರ ಬಂದು, ಬೀಗ ಬಿಡಿ, ಗೇಟನ್ನೇ ಕೀಲಿನಿಂದ ಎತ್ತಿ ಅಂದರು. ಮಗ ಒಂದು ಕಡೆ, ಅಜ್ಜಿಯ ಮೊಮ್ಮಗ ಇನ್ನೊಂದು ಕಡೆ, ನಡುವೆ ಪಕ್ಕದ ತೋಟದವನು. ಹೊಡೆತಕ್ಕೆ ಬಗ್ಗದ ಗೇಟು ಎತ್ತಿದ ಕೂಡಲೇ ಮೇಲೆದ್ದು ಬಂತು. ಪಕ್ಕದ ಹುಲ್ಲಿನಲ್ಲಿ ಮಲಗಿಸಿ, ಅಧ್ಯಕ್ಷರನ್ನು ಒಳಗೆ ಒಯ್ದರು.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ಹೋದಳು. ಅವಳ ಮನೆಯವರು ಪಿಕಪ್ ಕರೆಸಲಿಲ್ಲ, ಯಾರನ್ನೂ ಕೇಳಲಿಲ್ಲ, ನೇರ ಅಲ್ಲಿಗೇ ತಂದರು. ಆಮೇಲೆ ಬೇರೆಯವರೂ ಬಂದರು, ನಮ್ಮವರೂ ಒಬ್ಬಿಬ್ಬರು. ಗೇಟನ್ನು ಮತ್ತೆ ನಿಲ್ಲಿಸಬೇಕೇ ಅಂತ ಪಂಚಾಯಿತಿಯಲ್ಲಿ ವಿಷಯ ಬಂದಾಗ, ದನದ ಭಯ, ಬಾಟಲಿಯ ಭಯ ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಆದರೂ ಬೇಡ ಅಂದೆ. ಅದು ಈಗಲೂ ಹುಲ್ಲಿನಲ್ಲೇ ಬಿದ್ದಿದೆ, ಬೀಗ ಹಾಕಿಕೊಂಡೇ. ಎರಡೂ ಕೀ ನನ್ನ ಹತ್ತಿರವೇ ಇವೆ.

ಅಷ್ಟೆಲ್ಲ ಭಯಪಟ್ಟ ದಿನ ಕೆಟ್ಟದ್ದು ಇದೊಂದೇ. ಆನೆಯ ಬಗ್ಗೆ, ಜೇನಿನ ಬಗ್ಗೆ ವರ್ಷಗಟ್ಟಲೆ ಯೋಚಿಸಿದ ನಾನು, ನಾನೇ ಹಠ ಮಾಡಿ ಹಾಕಿಸಿದ ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟಿರಲಿಲ್ಲ.